18ರ ಲೆಕ್ಕ: ಶೀಟಿಗೆ ಕೊನೆಗೂ ಡಿಎಸ್‌ಎ ಕಾಲಂ ಬಂತು

ಅಮೆರಿಕದ ಕಾಲೇಜು ವಾಲಿಬಾಲ್ ತಂಡಗಳಲ್ಲಿ ಮುಂದಿನ ವರ್ಷ ಎಷ್ಟು ಜಾಗ ಖಾಲಿ ಅಂತ ಅಂದಾಜಿಸುವ ನನ್ನ ಸ್ಪ್ರೆಡ್‌ಶೀಟು ಕೊನೆಗೂ ನಂಬುವಂಥ ಉತ್ತರ ಕೊಡುತ್ತಿದೆ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಮಹಿಳಾ ವಾಲಿಬಾಲ್‌ಗೆ 18 ಜನರ ಮಿತಿ ಬಂದ ಮೇಲೆ ರೋಸ್ಟರ್ (ತಂಡದ ಪಟ್ಟಿ) ಅಂದಾಜು ಸುಲಭವಾಗುತ್ತದೆ ಅನ್ನಿಸಿತ್ತು. ಹೋಗುವವರನ್ನು ಕಳೆ, ಬರುವವರನ್ನು ಕೂಡು, 18 ದಾಟಿದರೆ ಯಾರೋ ಪೋರ್ಟಲ್ (ಕಾಲೇಜು ಬದಲಿಸುವವರ ಪಟ್ಟಿ) ಸೇರುತ್ತಾರೆ. ಅಷ್ಟೇ ಅಲ್ವಾ?

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ರೆಡ್‌ಶರ್ಟ್ (ಆಡದೆ ಉಳಿಸಿಕೊಂಡ ವರ್ಷ), ಕೋವಿಡ್ ವರ್ಷದ (ಕೋವಿಡ್‌ಗಾಗಿ ಕೊಟ್ಟ ಹೆಚ್ಚುವರಿ ವರ್ಷ) ಕಾಲಂಗಳು ನಿಮ್ಮ ಶೀಟಿನಲ್ಲೂ ಇರುತ್ತವೆ, ಅದನ್ನು ಬಿಡೋಣ. ತಲೆ ತಿಂದದ್ದು ಡಿಎಸ್‌ಎ, ಅಂದರೆ ಮಿತಿಯಿಂದ ವಿನಾಯಿತಿ ಪಡೆದ "ಡೆಸಿಗ್ನೇಟೆಡ್ ಸ್ಟೂಡೆಂಟ್-ಅಥ್ಲೀಟ್". 2025ರ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಮಿತಿಯಿಂದ ಜಾಗ ಕಳೆದುಕೊಳ್ಳುವ ಆಟಗಾರರಿಗೆ ರಕ್ಷಣೆ ಕೊಡಿ ಅಂತ ಪಟ್ಟು ಹಿಡಿದರು. ಅದಾದ ಮೇಲೆಯೇ ಜೂನ್ 6ರಂದು ಹೌಸ್ ಒಪ್ಪಂದಕ್ಕೆ (ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆಯ ರಾಜಿ, 18ರ ಮಿತಿ ಬಂದದ್ದು ಇದರಿಂದಲೇ) ಒಪ್ಪಿಗೆ ಸಿಕ್ಕಿತು. ಹಾಗೆ ಗುರುತಿಸಿದವರು ಆಟದ ಅರ್ಹತೆ ಮುಗಿಯುವವರೆಗೂ 18ರ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಾಲೇಜಿಗೆ ಹೋದರೂ ಬರುವುದಿಲ್ಲ. ಇದು ನ್ಯಾಯವಾದ ತೀರ್ಮಾನ, ನನಗೆ ತುಂಬ ಇಷ್ಟವಾಯಿತು. ಆದರೆ ಆ ಹುಡುಗಿಯರು ಯಾರು ಅಂತ ತಂಡದ ಪುಟ ನೋಡಿ ಹೇಳುವುದು ಹೇಗೆ?

ಒಂದು ಉದಾಹರಣೆ ಹಾಕಿ ನೋಡೋಣ. ಒಪ್ಪಂದಕ್ಕೆ ಸೇರಿದ, ಅಂದರೆ 18ರ ಮಿತಿ ಅನ್ವಯಿಸುವ ಕಾಲೇಜು. ಮೊದಲ ಪಂದ್ಯ ಆದ ಮೇಲೂ ಪುಟದಲ್ಲಿ 20 ಹೆಸರು. ಅಂದರೆ ಕನಿಷ್ಠ ಇಬ್ಬರು ಡಿಎಸ್‌ಎ. ಸೀಸನ್ ಮುಗಿದಾಗ ನಾಲ್ವರು ಸೀನಿಯರ್‌ಗಳು ಹೋಗುತ್ತಾರೆ, 16 ಮಂದಿ ಉಳಿಯುತ್ತಾರೆ. ಆ ಇಬ್ಬರೂ ಸೀನಿಯರ್‌ಗಳೇ ಆಗಿದ್ದರೆ ಖಾಲಿ ಜಾಗ ಎರಡು. ಇಬ್ಬರೂ ಉಳಿಯುವವರಾದರೆ ಲೆಕ್ಕಕ್ಕೆ ಬರುವವರು 14, ಖಾಲಿ ಜಾಗ ನಾಲ್ಕು. ಒಂದೇ ಪುಟ, ಎರಡು ಉತ್ತರ. ಎರಡು ಮಿಡಲ್ ಬ್ಲಾಕರ್ ತರುವುದಕ್ಕೂ, ಅವರ ಜೊತೆ ಒಬ್ಬ ಸೆಟರ್, ಒಬ್ಬ ಲಿಬೆರೊ ತರುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ!

ದಾರಿ ಸಿಕ್ಕಿದ್ದು ನವೆಂಬರ್ ಸಹಿಗಳಲ್ಲಿ, ಅಂದರೆ ಮುಂದಿನ ವರ್ಷ ಸೇರುವವರು ಹಾಕುವ ಸಹಿಗಳಲ್ಲಿ. ಡಿಎಸ್‌ಎ ಪಟ್ಟಿ ಕೋಚ್ ಕೈಯಲ್ಲಿದೆ. ಅವರು ನಾಲ್ವರು ಹೊಸಬರಿಂದ ಸಹಿ ಹಾಕಿಸಿದರೆ, ಒಂದೋ ಡಿಎಸ್‌ಎಗಳು ಉಳಿಯುತ್ತಾರೆ, ಇಲ್ಲವೇ ಯಾರೋ ಹೊರಡುವುದು ಅವರಿಗೆ ಗೊತ್ತಿದೆ. 2026ಕ್ಕೆ ಮೊದಲ ವರ್ಷ ಸೇರುವವರು ಡಿಎಸ್‌ಎ ಆಗಲು ಸಾಧ್ಯವಿಲ್ಲ, ಅವರೆಲ್ಲ ಲೆಕ್ಕಕ್ಕೆ ಬಂದೇ ಬರುತ್ತಾರೆ. ಹಾಗಾಗಿ ಈಗ ಶೀಟಿನಲ್ಲಿ ಒಂದೇ ಸಂಖ್ಯೆ ಇಲ್ಲ. ಕನಿಷ್ಠ ಖಾಲಿ, ಗರಿಷ್ಠ ಖಾಲಿ ಅಂತ ಎರಡು ಕಾಲಂ ಇವೆ. ಸಹಿ ಬಂದಾಗ ಕನಿಷ್ಠ ಸಂಖ್ಯೆ ಮೇಲೇರುತ್ತದೆ. ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆದು ಯಾರೂ ಹೊರಡದಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಅವು ಕೂಡಿದ್ದನ್ನು ನೋಡಿ ಕುರ್ಚಿ ಬಿಟ್ಟು ಎದ್ದು ಕುಣಿಯುವಷ್ಟು ಖುಷಿಯಾಯಿತು.

ಡೇಟಾ ಕೊಡುವವರ ಮೇಲೆ ಮಾತ್ರ ಸಿಟ್ಟಿದೆ. ಒಂದು ಕಾಲೇಜಿನ ಪುಟ ಸೀಸನ್ ಮುಗಿದ ಮಾರನೇ ದಿನವೇ ಖಾಲಿ. ಇನ್ನೊಂದರಲ್ಲಿ ಎಲ್ಲ ಪಿನ್ ಹಿಟರ್‌ಗಳೂ (ನೆಟ್‌ನ ತುದಿಗಳಿಂದ ಹೊಡೆಯುವವರು) "ಔಟ್‌ಸೈಡ್/ಆಪೊಸಿಟ್", ಯಾರು ಯಾವ ಕಡೆ ಅಂತಿಲ್ಲ. ದುಡ್ಡು ಕೊಟ್ಟು ತೆಗೆದುಕೊಂಡ ಫೈಲಿನಲ್ಲಿ ಎತ್ತರದ ಕಾಲಂ ತಾರೀಖಾಗಿ ಬದಲಾಗಿತ್ತು. ಆರಡಿ ಎರಡಿಂಚಿನ (6-2) ಬ್ಲಾಕರ್ ಜೂನ್ 2 ಆಗಿದ್ದಳು!

ನನಗೆ ನಿಜವಾಗಿ ಚಿಂತೆ ಇರುವುದು ಹಿಂದಿನ ಸಾಲಿನ ವಾಕ್-ಆನ್‌ಗಳ (ಸ್ಕಾಲರ್‌ಶಿಪ್ ಇಲ್ಲದೆ ಆಡುವವರ) ಬಗ್ಗೆ. ಮೊದಲು ಸ್ಕಾಲರ್‌ಶಿಪ್ 12 ಜನಕ್ಕೆ ಮಾತ್ರ, ಆದರೆ ತಂಡದ ಗಾತ್ರಕ್ಕೆ ಮಿತಿ ಇರಲಿಲ್ಲ. ಈಗ ದುಡ್ಡಿದ್ದರೆ 18 ಮಂದಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು, 19ನೆಯವಳಿಗೆ ಜಾಗವೇ ಇಲ್ಲ. ಸೆಟ್‌ಗೆ 15 ಬದಲಿ ಸಿಗುವ ಆಟದಲ್ಲಿ ಸರ್ವ್ ಮಾಡಿ, ಮೂರು ರೊಟೇಶನ್ ಡಿಗ್ ಮಾಡಿ ಹೊರಬರುವ ಹುಡುಗಿಯ ಬೆಲೆ ದೊಡ್ಡದು. ಅಭ್ಯಾಸದಲ್ಲಿ ಎದುರಿನ ಆರು ಜನರಲ್ಲಿ ನಿಲ್ಲುವವಳೂ ಅವಳೇ. ಅದಕ್ಕೇ ನನ್ನ ಶೀಟು ಡಿಎಸ್ (ಡಿಫೆನ್ಸಿವ್ ಸ್ಪೆಷಲಿಸ್ಟ್, ಇಂಥ ಹಿಂದಿನ ಸಾಲಿನ ಆಟಗಾರ್ತಿ) ಜಾಗಗಳನ್ನು ಬೇರೆಯಾಗಿ ಎಣಿಸುತ್ತದೆ.

ಮುಂದಿನದು ಬೀಚ್ ವಾಲಿಬಾಲ್. ಮಿತಿ 19, ಕಣಕ್ಕಿಳಿಯುವುದು ಐದು ಜೋಡಿ. ಒಳಾಂಗಣದ ಕೆಲವರು ಅಲ್ಲೂ ಆಡುತ್ತಾರೆ, ಹಾಗಾಗಿ ಎರಡು ಶೀಟುಗಳನ್ನು ಜೋಡಿಸಬೇಕು. ಪುರುಷರ ತಂಡಗಳಿಗೂ 18ರ ಮಿತಿಯೇ, ಹಿಂದೆ ಅಲ್ಲಿ 4.5 ಸ್ಕಾಲರ್‌ಶಿಪ್ ಇತ್ತು. ಅದು ಬೀಚ್ ಆದ ಮೇಲೆ. ಯಾರ ಹತ್ತಿರವಾದರೂ 2024-25ರ ಪೂರ್ತಿ ರೋಸ್ಟರ್‌ಗಳನ್ನು ಉಳಿಸಿಟ್ಟ ಪ್ರತಿ ಇದ್ದರೆ ಹೇಳಿ. ಡಿಎಸ್‌ಎ ಆಗಿರಬಹುದಾದವರನ್ನು ಹುಡುಕಲು ಅದೇ ಬೇಕು.