ತಪಸ್ಸುಕಾಲದ ನಡುವೆ ಹೋಳಿಗೆ

ಇವತ್ತು, 2025ರ ಮಾರ್ಚ್ 30, ಯುಗಾದಿ. ಕ್ರೈಸ್ತರಾದ ನಮಗೆ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲದ, ನಾಲ್ಕನೇ ಭಾನುವಾರವೂ ಹೌದು. ಎರಡೂ ಒಂದೇ ದಿನ ಬಂದಿವೆ!

ತಪಸ್ಸುಕಾಲ ಶುರುವಾದ ಮಾರ್ಚ್ 5ರ ಬೂದಿ ಬುಧವಾರದಿಂದ ಚರ್ಚಿನಲ್ಲಿ ಬರೀ ನೇರಳೆ ಬಣ್ಣ. ಪೀಠದ ಮೇಲೆ ಹೂವಿಲ್ಲ, ಅಲ್ಲೆಲೂಯ ಹಾಡಿಲ್ಲ. ಇವತ್ತು ಮಾತ್ರ ಗುರುಗಳು ಗುಲಾಬಿ ಬಣ್ಣದ ಮೇಲುಡುಗೆ ತೊಟ್ಟು ಬಂದರು. ಈ ಬಣ್ಣಕ್ಕೆ ವರ್ಷದಲ್ಲಿ ಎರಡೇ ಭಾನುವಾರ ಅವಕಾಶ, ಇನ್ನೊಂದು ಕ್ರಿಸ್ಮಸ್‌ಗೆ ಮುಂಚೆ. ಪೀಠದ ಮೇಲೆ ಸೇವಂತಿಗೆಯೂ ಇತ್ತು. ಓದಿದ್ದು ಬೈಬಲ್ಲಿನ ತಪ್ಪಿಹೋದ ಮಗನ ಕಥೆ. ಮಗ ಮನೆಗೆ ಬಂದದ್ದಕ್ಕೆ ಅಪ್ಪ ಊರೂಟ ಹಾಕಿಸಿದರೆ ಅಣ್ಣನಿಗೆ ಸಿಟ್ಟು. ನನಗೆ ಆ ಅಣ್ಣನ ಮೇಲೆ ಸ್ವಲ್ಪ ಕನಿಕರ ಜಾಸ್ತಿ, ಇರಲಿ ಬಿಡಿ.

ಹುಬ್ಬಳ್ಳಿಯ ಕೇಶ್ವಾಪುರದ ಮನೆಗೆ ಬಂದರೆ ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಹೋಳಿಗೆ ತಾಟು, ಇನ್ನೊಂದರಲ್ಲಿ ಬೇವಿನ ತಂಬಿಗೆ. ಬೆಲ್ಲ, ಹುಣಸೆ, ಮಾವಿನಕಾಯಿ, ಪುಟಾಣಿ ಹಿಟ್ಟು, ಮೇಲೆ ತೇಲುವ ಬೇವಿನ ಹೂ. "ನಿಮ್ದು ಉಪವಾಸ ಅಲ್ಲೇನ್ರಿ?" ಅಂತ ಅನುಮಾನದಲ್ಲೇ ಕೇಳಿದರು. ನಾನು ಈಸ್ಟರ್‌ವರೆಗೆ ಸಿಹಿ ಬಿಟ್ಟಿರುವುದು ಓಣಿಗೆಲ್ಲ ಗೊತ್ತು. ಆದರೆ ಆ ನಲವತ್ತು ದಿನಗಳ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲ ಅಲ್ವಾ! ಅಜ್ಜಿಗೆ ಅದನ್ನು ವಿವರಿಸುವಷ್ಟರಲ್ಲಿ ಒಂದು ಹೋಳಿಗೆ ಖಾಲಿ. ತುಪ್ಪ ಮೊಣಕೈವರೆಗೆ ಇಳಿದಿತ್ತು.

ನಾಳೆ ರಂಜಾನ್ ಅಂತಿದ್ದಾರೆ. ಸೋಮವಾರ, ಲೆಕ್ಕಕ್ಕೆ ಬರುವ ದಿನ. ಹಿಂದಿನ ಓಣಿಯಿಂದ ಸುರಕುಂಬಾ, ಅದೇ ಹಬ್ಬದ ಶಾವಿಗೆ ಪಾಯಸ, ಬಂದರೆ ಏನು ಮಾಡುವುದೋ, ಗುರುಗಳನ್ನೇ ಕೇಳಬೇಕು.