ಯಾರ ಸೀಸನ್ ದೊಡ್ಡದು? ಒಂದು ಎಕ್ಸೆಲ್ ಶೀಟ್ ಎಲ್ಲಿಗೆ ಬಂತು ಅಂದರೆ

2025ರ ಮೋಟೋಜಿಪಿ, ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್, ಮುಗಿದ ಮೇಲೆ ನಮ್ಮ ಗುಂಪಿನಲ್ಲಿ ಶುರುವಾದ ಜಗಳ ಇನ್ನೂ ನಿಂತಿಲ್ಲ. ಮಾರ್ಕ್ ಮಾರ್ಕೆಜ್ ಡುಕಾಟಿ ಮೇಲೆ ಕೂತು ಆಡಿದ ಸೀಸನ್ ಎಲ್ಲ ಕಾಲಕ್ಕೂ ದೊಡ್ಡದಾ? ಹೌದು, ಅದರಲ್ಲಿ ಕೇಳೋದೇನಿದೆ ಅಂತ ಒಬ್ಬ. ರೋಸ್ಸಿಯ 2003 ನೋಡಿಲ್ವಾ ಅಂತ ಇನ್ನೊಬ್ಬ. ತೊಂಬತ್ತರ ದಶಕದ ಚಾಂಪಿಯನ್ ಡೂಹನ್ ಹೆಸರು ತೆಗೆಯದೆ ಮಾತು ಮುಗಿಸದ ಹಿರಿಯರೊಬ್ಬರು ಬೇರೆ ಇದ್ದಾರೆ. ಬಾಯಿಮಾತಿನಲ್ಲಿ ಇದು ಬಗೆಹರಿಯುವುದಲ್ಲ ಅನ್ನಿಸಿ ಒಂದು ಎಕ್ಸೆಲ್ ಶೀಟ್ ತೆರೆದೆ. ಸಾಲಿಗೊಂದು ಸೀಸನ್, ವಾದಕ್ಕೊಂದು ಕಾಲಂ. ಶೀಟ್ ಈಗ ಎಲ್ಲಿಗೆ ಬಂದಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಯಾರು ಒಳಗೆ, ಯಾರು ಹೊರಗೆ

ದೊಡ್ಡ ಕ್ಲಾಸ್ ಮಾತ್ರ, ಅಂದರೆ ಮೊದಲಿದ್ದ 500 ಸಿಸಿ ಮತ್ತು ಆಮೇಲೆ ಅದರ ಜಾಗಕ್ಕೆ ಬಂದ ಮೋಟೋಜಿಪಿ. ಅದರಲ್ಲೂ 1993ರಿಂದ ಈಚೆಗೆ. ಗೆದ್ದವನಿಗೆ 25, ಎರಡನೆಯವನಿಗೆ 20, ಮೂರನೆಯವನಿಗೆ 16 ಅನ್ನೋ ಲೆಕ್ಕ ಆಗಿನಿಂದ ಬದಲಾಗಿಲ್ಲ. ಹೋಲಿಸೋದು ಸುಲಭ.

ಹೀಗೆ ಗೆರೆ ಎಳೆದರೆ ಅಗೋಸ್ಟಿನಿ ಹೊರಗೆ ಉಳಿಯುತ್ತಾನೆ. 1968ರಲ್ಲಿ ಅವನು 500 ಸಿಸಿಯ ಹತ್ತಕ್ಕೆ ಹತ್ತು ರೇಸ್ ಗೆದ್ದ. 350 ಸಿಸಿಯಲ್ಲಿ ಏಳಕ್ಕೆ ಏಳು. ಇಷ್ಟು ಕೇಳಿದರೆ ಶೀಟೇ ಬೇಡ, ಬಾಗಿಲು ಹಾಕಿಬಿಡಬಹುದು. ಆದರೆ ಅದಕ್ಕೂ ಮೊದಲಿನ ವರ್ಷದ ಕೊನೆಗೆ ಹೋಂಡಾ ರೇಸಿಂಗ್ ಬಿಟ್ಟು ಹೋಗಿತ್ತು. ಅದರ ಸವಾರ ಹೈಲ್‌ವುಡ್ ಕೂಡ ಕಣದಲ್ಲಿ ಇರಲಿಲ್ಲ. ಅಗೋಸ್ಟಿನಿಯ ಮೂರು ಸಿಲಿಂಡರಿನ ಎಂವಿ ಅಗುಸ್ಟಾ ಎದುರು ಉಳಿದಿದ್ದು ಹೆಚ್ಚಾಗಿ ಹಳೆಯ ಒಂಟಿ ಸಿಲಿಂಡರ್ ಬೈಕುಗಳು. ಆ ವರ್ಷ ಎರಡನೇ ಸ್ಥಾನಕ್ಕೆ ಬಂದ ಜ್ಯಾಕ್ ಫಿಂಡ್ಲೆ ಓಡಿಸಿದ್ದು ಮ್ಯಾಚ್‌ಲೆಸ್. ಇಲ್ಲಿ ಸವಾರನ ಅಳತೆ ಎಷ್ಟು, ಬೈಕಿನ ಅಳತೆ ಎಷ್ಟು ಅಂತ ಬೇರೆ ಮಾಡೋಕೆ ನನ್ನ ಕೈಲಿ ಆಗಲಿಲ್ಲ. ಅಗೋಸ್ಟಿನಿಗೆ ಬೇರೆ ಹಾಳೆ, ಅಷ್ಟೇ.

ಶೇಕಡಾ ಕಾಲಂ

ಸಿಗಬಹುದಾಗಿದ್ದ ಪಾಯಿಂಟ್‌ಗಳಲ್ಲಿ ಎಷ್ಟು ಬಾಚಿಕೊಂಡ? ಇದು ಮೊದಲ ಕಾಲಂ. ಹಿರಿಯರ ಮುಖ ಅರಳಿತು. 1997ರಲ್ಲಿ ಮಿಕ್ ಡೂಹನ್ 15 ರೇಸುಗಳಲ್ಲಿ 12 ಗೆದ್ದ. ಎರಡು ಸಲ ಎರಡನೇ ಸ್ಥಾನ. ಕೊನೆಯದರಲ್ಲಿ, ಅದೂ ತನ್ನದೇ ದೇಶದ ಫಿಲಿಪ್ ಐಲ್ಯಾಂಡ್‌ನಲ್ಲಿ, ಬಿದ್ದ. 375ಕ್ಕೆ 340. ಅಂದರೆ ಶೇ. 90.7. ಅದರ ಹಿಂದೆಯೇ ರೋಸ್ಸಿಯ 2003, ಶೇ. 89.3. ರೋಸ್ಸಿಯದೇ 2002 ಶೇ. 88.8. ಮಾರ್ಕೆಜ್‌ನ 2019 ಶೇ. 88.4. ಈ ನಾಲ್ಕರ ನಡುವೆ ಇರೋದು ಎರಡೂಕಾಲು ಶೇಕಡಾ. ಅಷ್ಟಕ್ಕೆ ವರ್ಷಗಟ್ಟಲೆ ಕಿತ್ತಾಡಿದ್ದೇವೆ.

ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು 2014. ಆ ವರ್ಷ ಮಾರ್ಕೆಜ್ ಮೊದಲ ಹತ್ತು ರೇಸುಗಳನ್ನು ಸಾಲಾಗಿ ಗೆದ್ದಿದ್ದ. ಒಟ್ಟು 13 ಗೆಲುವು. ಎಲ್ಲರ ನೆನಪಿನಲ್ಲೂ ಅದೇ ದೊಡ್ಡ ಸೀಸನ್. ಶೀಟಿನಲ್ಲಿ ಮಾತ್ರ ಅದು ಕೆಳಗೆ ಕೂತಿದೆ. 450ಕ್ಕೆ 362, ಶೇ. 80.4. ಡುಕಾಟಿಯಲ್ಲಿ ಚಾಂಪಿಯನ್ ಆದ ಸ್ಟೋನರ್‌ನ 2007ಕ್ಕಿಂತಲೂ ಒಂದು ಕೂದಲು ಕಡಿಮೆ. ಕಾರಣ ಸೆಪ್ಟೆಂಬರ್, ಅಕ್ಟೋಬರ್. ಮಿಸಾನೊದಲ್ಲಿ ಬಿದ್ದು ಎದ್ದು ಹದಿನೈದನೇ ಸ್ಥಾನ. ಅರಾಗಾನ್‌ನ ಮಳೆಯಲ್ಲಿ ಬಿದ್ದು ಹದಿಮೂರನೇ ಸ್ಥಾನ. ಫಿಲಿಪ್ ಐಲ್ಯಾಂಡ್‌ನಲ್ಲಿ ಮುಂದೆ ಇದ್ದಾಗಲೇ ನೆಲ ಕಚ್ಚಿದ. ಮೂರು ರೇಸಿಗೆ ಸೇರಿ ನಾಲ್ಕು ಪಾಯಿಂಟ್. ನೆನಪು ಮೊದಲ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟಿದೆ ಅನ್ನಿ.

2025 ಅನ್ನೋ ತಲೆನೋವು

ಈ ಸಾಲು ತುಂಬೋಕೆ ಜಾಸ್ತಿ ಹೊತ್ತು ಹಿಡಿಯಿತು. ಮೊದಲನೆಯದಾಗಿ, 2023ರಿಂದ ಶನಿವಾರ ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್ ಬಂದಿದೆ. ಗೆದ್ದರೆ 12 ಪಾಯಿಂಟ್. ಹಾಗಾಗಿ ಒಂದು ವಾರಾಂತ್ಯಕ್ಕೆ 37. ಎರಡನೆಯದಾಗಿ, ಮಾರ್ಕೆಜ್ ಸೀಸನ್ ಪೂರ್ತಿ ಓಡಲೇ ಇಲ್ಲ. ಜಪಾನಿನ ಮೊಟೇಗಿಯಲ್ಲಿ, 17ನೇ ಸುತ್ತಿನಲ್ಲಿ (ಸುತ್ತು ಅಂದರೆ ಇಲ್ಲಿ ಒಂದು ರೇಸ್ ವಾರಾಂತ್ಯ), ಟೈಟಲ್ ಕೈಗೆ ಬಂತು. ಮುಂದಿನ ವಾರ ಮಂಡಾಲಿಕಾದಲ್ಲಿ ಬೆಜ್ಜೆಕ್ಕಿ ಹಿಂದಿನಿಂದ ಬಂದು ಗುದ್ದಿ ಇಬ್ಬರೂ ಬಿದ್ದರು. ಭುಜಕ್ಕೆ ಪೆಟ್ಟು, ಉಳಿದ ನಾಲ್ಕು ಸುತ್ತು ಮನೆಯಲ್ಲಿ.

ಒಟ್ಟು 22 ಸುತ್ತಿಗೆ 814 ಪಾಯಿಂಟ್ ಲಭ್ಯ. ಅವನದು 545. ಶೇ. 67. ಹೀಗೆ ಹಾಕಿದರೆ ಇಡೀ ಶೀಟಿನಲ್ಲೇ ಕೊನೆ. ರೋಸ್ಸಿ ಭಕ್ತ ಕುಣಿದಾಡಿದ. ಟೈಟಲ್ ಗೆದ್ದ ದಿನಕ್ಕೆ ನಿಲ್ಲಿಸಿದರೆ 629ಕ್ಕೆ 541, ಶೇ. 86. ನಾನು ಎರಡನ್ನೂ ಬರೆದು, ವಾದಕ್ಕೆ 86 ಬಳಸುತ್ತಿದ್ದೇನೆ. ಗಾಯ ಆಗಿ ಓಡದ ರೇಸನ್ನು ಸೋತ ರೇಸಿನ ಜೊತೆ ಸೇರಿಸೋದು ನನಗೆ ಸರಿ ಕಾಣಲಿಲ್ಲ. ಬೇರೆಯವರು ಬೇರೆ ಥರ ಹಾಕಿಕೊಳ್ಳಲಿ, ಸೆಲ್ ಖಾಲಿ ಇದೆ.

ಶನಿವಾರ, ಭಾನುವಾರ ಬೇರೆ ಮಾಡಿ ನೋಡಿದಾಗ ಇನ್ನೊಂದು ವಿಷಯ ಎದ್ದು ಬಂತು. ಮೊಟೇಗಿವರೆಗೆ ಸ್ಪ್ರಿಂಟ್‌ಗಳಲ್ಲಿ 204ಕ್ಕೆ 186. ಅದು ಶೇ. 91, ಡೂಹನ್‌ಗಿಂತ ಮೇಲೆ. 17 ಸ್ಪ್ರಿಂಟ್‌ಗಳಲ್ಲಿ 14 ಗೆಲುವು. ಭಾನುವಾರದ್ದು 425ಕ್ಕೆ 355, ಶೇ. 83.5. ಹೋಗಿದ್ದೆಲ್ಲ ಮುಖ್ಯವಾಗಿ ಎರಡು ಕಡೆ. ಆಸ್ಟಿನ್‌ನಲ್ಲಿ ಮುಂದೆ ಹೋಗುತ್ತಿದ್ದಾಗ ಬಿದ್ದ. ಹೆರೆಸ್‌ನಲ್ಲಿ ಬಿದ್ದು ಹನ್ನೆರಡನೇ ಸ್ಥಾನಕ್ಕೆ ಮುಗಿಸಿದ. ಅಂದರೆ ಅವನನ್ನು ಸೋಲಿಸುತ್ತಿದ್ದದ್ದು ಬಹುತೇಕ ಅವನೇ. ಇದು ಮಾರ್ಕೆಜ್‌ಗೆ ಹೊಸದೇನಲ್ಲ ಬಿಡಿ.

ನಡುವೆ ಅರಾಗಾನ್‌ನಿಂದ ಹಂಗೇರಿವರೆಗೆ ಏಳು ವಾರಾಂತ್ಯ. ಏಳರಲ್ಲೂ ಶನಿವಾರ, ಭಾನುವಾರ ಎರಡೂ ಅವನದೇ. 259ಕ್ಕೆ 259. ಒಂದು ತುಂಡನ್ನು ಮಾತ್ರ ಕತ್ತರಿಸಿ ಹೋಲಿಸೋದಾದರೆ ಇದರ ಮುಂದೆ 1997ರ ಡೂಹನ್‌ನ ಹತ್ತು ಸತತ ಗೆಲುವನ್ನೋ 2014ರ ಹತ್ತನ್ನೋ ಇಡಬಹುದು, ಬೇರೆ ಯಾವುದನ್ನೂ ಅಲ್ಲ. ಆ ಏಳರಲ್ಲಿ ಆಸ್ಟ್ರಿಯಾದ ರೆಡ್ ಬುಲ್ ರಿಂಗ್ ಕೂಡ ಇದೆ. ಅಲ್ಲಿ ಅವನು ಅದಕ್ಕೆ ಮೊದಲು ಒಮ್ಮೆಯೂ ಗೆದ್ದಿರಲಿಲ್ಲ.

ಅದೇ ಬೈಕ್, ಇನ್ನೊಬ್ಬ ಸವಾರ

"ಬೈಕ್ ಗೆಲ್ಲಿಸಿತು" ಅನ್ನೋ ಮಾತಿಗೆ ಉತ್ತರ ಹುಡುಕಿ ಹಾಕಿದ ಕಾಲಂ ಇದು. ಚಾಂಪಿಯನ್‌ನ ಪಾಯಿಂಟ್‌ಗೆ ಹೋಲಿಸಿದರೆ ಅದೇ ಕಂಪನಿಯ ಬೈಕಿನಲ್ಲಿ ಎರಡನೆಯವನಾಗಿ ಬಂದವನದು ಎಷ್ಟು? ಸಂಖ್ಯೆ ಚಿಕ್ಕದಾದಷ್ಟೂ ಸವಾರನ ಪಾಲು ದೊಡ್ಡದು ಅಂತ ಶುರುವಿನಲ್ಲಿ ಅಂದುಕೊಂಡಿದ್ದು.

ಕಡಿಮೆ ಬಂದಿದ್ದು 2019. ಮಾರ್ಕೆಜ್ 420, ಮುಂದಿನ ಹೋಂಡಾ ಕ್ರಚ್‌ಲೋನದು 133. ಮೂರನೇ ಒಂದು ಭಾಗವೂ ಇಲ್ಲ. ಟೀಮ್‌ಮೇಟ್ ಲೊರೆಂಜೊ ಬರೀ 28. ಆದರೂ ಆ ವರ್ಷ ಟೀಮ್ ಟೈಟಲ್ ಹೋಂಡಾದ್ದೇ. ಒಬ್ಬನೇ ಇಬ್ಬರ ಕೆಲಸ ಮಾಡಿದ ಹಾಗೆ. ಸ್ಟೋನರ್‌ನ 2007ರಲ್ಲಿ ಟೀಮ್‌ಮೇಟ್ ಕಪಿರೊಸ್ಸಿಯದು ಶೇ. 45. ರೋಸ್ಸಿಯ 2005ರಲ್ಲಿ ಎಡ್ವರ್ಡ್ಸ್‌ದು ಶೇ. 49.

ರೋಸ್ಸಿಯ 2003ರಲ್ಲಿ ಈ ಸಂಖ್ಯೆ ಶೇ. 78. ಗಿಬರ್ನಾವ್ ಕೂಡ ಹೋಂಡಾದಲ್ಲೇ ಇದ್ದ, 277 ಗಳಿಸಿದ್ದ. ನಾನು "ನೋಡು, ಬೈಕೇ ಚೆನ್ನಾಗಿತ್ತು" ಅಂದೆ. ರೋಸ್ಸಿ ಭಕ್ತ ತಿರುಗಿಸಿ ಹೊಡೆದ: "ಬೈಕ್ ಅಷ್ಟು ಚೆನ್ನಾಗಿದ್ದು, ಅಷ್ಟು ಜನರ ಕೈಲಿದ್ದು, 16ಕ್ಕೆ 16 ಸಲ ಪೋಡಿಯಂ ಹತ್ತಿದ್ದು ಒಬ್ಬನೇ ಅಲ್ವಾ?" ಮಾತು ಸರಿಯಾಗೇ ಇದೆ. ಫಿಲಿಪ್ ಐಲ್ಯಾಂಡ್‌ನಲ್ಲಿ ಹಳದಿ ಬಾವುಟದ ಕೆಳಗೆ ಓವರ್‌ಟೇಕ್ ಮಾಡಿದ್ದಕ್ಕೆ ಹತ್ತು ಸೆಕೆಂಡ್ ದಂಡ ಬಿದ್ದಿತ್ತು. ಅದು ಗೊತ್ತಾದ ಮೇಲೆ 15 ಸೆಕೆಂಡ್ ಮುಂದೆ ಹೋಗಿ, ದಂಡ ಕಳೆದೂ ಗೆದ್ದ. ಆ ರೇಸ್ ನೋಡಿದವರ ಹತ್ತಿರ ಶೇಕಡಾ ಲೆಕ್ಕ ಹೇಳೋದು ಸುಮ್ನೆ.

ಡೂಹನ್‌ನ 1997 ಇನ್ನೂ ಮಜವಾಗಿದೆ. ಪಟ್ಟಿಯ ಮೊದಲ ಐದೂ ಜನ ಹೋಂಡಾದವರೇ. ಎರಡನೆಯ ಒಕಾಡಾ 197, ಅಂದರೆ ಶೇ. 58. ಆ ವರ್ಷ ಡೂಹನ್ ಎಲ್ಲರೂ ಬಳಸುತ್ತಿದ್ದ ಬಿಗ್ ಬ್ಯಾಂಗ್ ಎಂಜಿನ್ ಬಿಟ್ಟು ಹಳೆಯ ಸ್ಕ್ರೀಮರ್ ಎಂಜಿನ್‌ಗೆ ಮರಳಿದ್ದ. ಬಿಗ್ ಬ್ಯಾಂಗ್‌ನಲ್ಲಿ ಸಿಲಿಂಡರುಗಳು ಹತ್ತಿರ ಹತ್ತಿರ ಸಿಡಿಯುವುದರಿಂದ ಹಿಂದಿನ ಟೈರಿಗೆ ಮಧ್ಯೆ ಉಸಿರು ಸಿಗುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಸ್ಕ್ರೀಮರ್ ಹಾಗಲ್ಲ, ಥ್ರಾಟಲ್ ಕೊಟ್ಟ ತಕ್ಷಣ ಕಿತ್ತುಕೊಂಡು ಹೋಗುತ್ತದೆ. ಕಷ್ಟದ ಎಂಜಿನ್ ತಾನಾಗೇ ಕೇಳಿ ತೆಗೆದುಕೊಂಡು 12 ರೇಸ್ ಗೆದ್ದವನು. ಹಿರಿಯರು ಯಾಕೆ ಹೆಸರು ಬಿಡಲ್ಲ ಅಂತ ಈಗ ಅರ್ಥ ಆಗುತ್ತಿದೆ.

2025ಕ್ಕೆ ಬಂದರೆ ಎರಡು ಉತ್ತರ. ಅದೇ ಫ್ಯಾಕ್ಟರಿ ಟೀಮಿನ (ಅಂದರೆ ಕಂಪನಿಯದೇ ಟೀಮಿನ) ಬಾನ್ಯಾಯಾ 288, ಶೇ. 53. ಆದರೆ ಒಂದು ವರ್ಷ ಹಳೆಯ ಡುಕಾಟಿಯಲ್ಲಿ ತಮ್ಮ ಅಲೆಕ್ಸ್ 467, ಶೇ. 86. ಬೈಕ್ ಚೆನ್ನಾಗಿಲ್ಲ ಅಂತ ಯಾರೂ ಹೇಳಲಾರರು. ಆದರೆ ಮಾರ್ಕ್ ಬಿದ್ದ ಮಂಡಾಲಿಕಾ ಸೇರಿ ಕೊನೆಯ ಐದು ಭಾನುವಾರಗಳಲ್ಲಿ ಫ್ಯಾಕ್ಟರಿ ಡುಕಾಟಿಗೆ ಒಂದೂ ಗೆಲುವಿಲ್ಲ. ಮೂರು ಗೆಲುವು ಅಪ್ರಿಲಿಯಾ ಕಡೆ ಹೋದವು, ಎರಡು ಗ್ರೆಸಿನಿ ಅನ್ನೋ ಖಾಸಗಿ ಟೀಮಿನ ಡುಕಾಟಿಗಳಿಗೆ.

ಈ ಕಾಲಂಗೆ ಒಂದು ಟಿಪ್ಪಣಿ ಅಂಟಿಸಿದ್ದೇನೆ. ಲೊರೆಂಜೊ 2019ರಲ್ಲಿ ಅಸೆನ್‌ನಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಕೆಲವು ರೇಸ್ ತಪ್ಪಿಸಿಕೊಂಡಿದ್ದ. ಹಾಗಾಗಿ ಆ 28 ಇಟ್ಟುಕೊಂಡು ಕೂಗಾಡಬಾರದು. 133 ಸಾಕು.

2019ರ ಸಾಲಿನಲ್ಲಿ ಸಿಕ್ಕಿಕೊಂಡೆ

ಬೇರೆ ಸಾಲುಗಳನ್ನು ತುಂಬಿ ಮುಂದೆ ಹೋದೆ. ಇಲ್ಲಿ ಮಾತ್ರ ನಿಂತುಬಿಟ್ಟೆ. 19 ರೇಸು, 12 ಗೆಲುವು, ಆರು ಎರಡನೇ ಸ್ಥಾನ. ಉಳಿದ ಒಂದು ಆಸ್ಟಿನ್, ಮುಂದೆ ಇದ್ದಾಗ ಬಿದ್ದಿದ್ದು. ಮುಗಿಸಿದ ಯಾವ ರೇಸಿನಲ್ಲೂ ಎರಡಕ್ಕಿಂತ ಕೆಳಗೆ ಇಳಿದಿಲ್ಲ. ಆ ಆರು ಎರಡನೇ ಸ್ಥಾನಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಕತಾರ್‌ನಲ್ಲಿ ಡೊವಿಜಿಯೊಸೊಗೆ ಸೋತದ್ದು 0.023 ಸೆಕೆಂಡಿನಲ್ಲಿ. ಸಿಲ್ವರ್‌ಸ್ಟೋನ್‌ನಲ್ಲಿ ರಿನ್ಸ್‌ಗೆ 0.013ರಲ್ಲಿ. ಮುಜೆಲ್ಲೊದಲ್ಲಿ ಪೆಟ್ರುಚಿಗೆ 0.043ರಲ್ಲಿ. ಆಸ್ಟ್ರಿಯಾದಲ್ಲಿ ಕೊನೆಯ ತಿರುವಿನಲ್ಲಿ ಮತ್ತೆ ಡೊವಿಜಿಯೊಸೊ. ಈ ನಾಲ್ಕೂ ಬೇರೆ ಕಡೆ ತಿರುಗಿದ್ದರೆ 16 ಗೆಲುವು. ಸೆಪಾಂಗ್‌ನಲ್ಲಂತೂ 11ನೇ ಜಾಗದಿಂದ ಹೊರಟು ಎರಡನೆಯವನಾಗಿ ಬಂದ.

ಹಾಗಾಗಿ ನನ್ನ ತೀರ್ಪು ಈಗ ಹೀಗಿದೆ. ಇಡೀ ಸೀಸನ್ ಲೆಕ್ಕಕ್ಕೆ 2019 ಮೇಲೆ, ಡೂಹನ್ ಅದರ ಪಕ್ಕದಲ್ಲೇ. 2025 ಬರೀ ಬೇಸಿಗೆಯ ಆ ಏಳು ವಾರಾಂತ್ಯಗಳ ಲೆಕ್ಕಕ್ಕೆ ಎಲ್ಲಕ್ಕಿಂತ ಮೇಲೆ. ಮಾರ್ಕೆಜ್ ಅಭಿಮಾನಿಗೆ ಇದರಿಂದ ಸಂತೋಷವೂ ಇಲ್ಲ, ಬೇಜಾರೂ ಇಲ್ಲ. ಎರಡೂ ಅವನ ಹೀರೋನದೇ. ರೋಸ್ಸಿ ಭಕ್ತ ಮಾತ್ರ, ರೋಸ್ಸಿ ಮತ್ತು ಮಾರ್ಕೆಜ್ ಟ್ರ್ಯಾಕ್ ಮೇಲೇ ಗುದ್ದಾಡಿದ 2015ರ ಸೆಪಾಂಗ್ ತೆಗೆದ. ಅದು ಬಂದರೆ ಶೀಟ್ ಮುಚ್ಚಬೇಕು, ಮುಚ್ಚಿದೆ.

ಬೋರ್ ಕಾಲಂ, ಮತ್ತು ಬಾಕಿ ಕೆಲಸ

ಒಬ್ಬನೇ ಗೆದ್ದರೆ ನೋಡೋಕೆ ಬೋರ್ ಅಂತ ಇನ್ನೊಂದು ದೂರು. ಇದಕ್ಕೆ ಗೆದ್ದ ಅಂತರದ ಕಾಲಂ ಹಾಕಬೇಕು, ಇನ್ನೂ ಶುರು ಮಾಡಿಲ್ಲ. 2025ರ ಮುಜೆಲ್ಲೊದ ಮೊದಲ ಲ್ಯಾಪ್‌ಗಳಲ್ಲಿ ಬಾನ್ಯಾಯಾ, ಮಾರ್ಕ್, ಅಲೆಕ್ಸ್ ಜಾಗ ಬದಲಾಯಿಸಿಕೊಂಡಿದ್ದು ನೋಡಿದವರು ಬೋರ್ ಅನ್ನಲಾರರು. ಆದರೆ ಕೆಲವು ಭಾನುವಾರಗಳಲ್ಲಿ ಅರ್ಧ ರೇಸಿಗೇ ಎದ್ದು ಹೋದವರನ್ನೂ ನಾನು ಬಲ್ಲೆ.

ಇನ್ನೊಂದು ಹಾಳೆ ಚಾಂಪಿಯನ್ ಆಗದ ದೊಡ್ಡ ಸೀಸನ್‌ಗಳಿಗೆ. ಎರಡು ಸಾಲು ಆಗಲೇ ಬರೆದಿದ್ದೇನೆ. 2024ರಲ್ಲಿ ಬಾನ್ಯಾಯಾ 11 ಭಾನುವಾರ ಗೆದ್ದ, ಮಾರ್ಟಿನ್ ಗೆದ್ದದ್ದು ಮೂರೇ. ಟೈಟಲ್ ಹತ್ತು ಪಾಯಿಂಟ್‌ನಲ್ಲಿ ಮಾರ್ಟಿನ್ ಪಾಲಾಯಿತು. ಇನ್ನೊಂದು ಮೋಟೋಜಿಪಿ ಅಲ್ಲ, ಸೂಪರ್‌ಬೈಕ್, ಅಂಗಡಿಯಲ್ಲಿ ಸಿಗುವ ಬೈಕುಗಳನ್ನು ಆಧರಿಸಿದ ಬೇರೆ ಚಾಂಪಿಯನ್‌ಶಿಪ್. 2019ರಲ್ಲಿ ಬೌಟಿಸ್ಟಾ ಮೊದಲ 11 ರೇಸುಗಳನ್ನು ಸಾಲಾಗಿ ಗೆದ್ದ. ಆಮೇಲೆ ಬೀಳೋಕೆ ಶುರು ಮಾಡಿದ. ವರ್ಷದ ಕೊನೆಗೆ ಚಾಂಪಿಯನ್ ಆಗಿದ್ದು ಜೊನಾಥನ್ ರೇ. ಈ ಸಾಲನ್ನು ಯಾವ ಬಣ್ಣದಲ್ಲಿ ತೋರಿಸಬೇಕು ಅಂತ ಗುಂಪಿನಲ್ಲಿ ಆಗಲೇ ಹೊಸ ಜಗಳ ಶುರುವಾಗಿದೆ.