ಶನಿವಾರದ ಸೈರನ್

ಶನಿವಾರ, 12 ಏಪ್ರಿಲ್ 2025
ಒಕ್ಲಹೋಮಾ ಸಿಟಿ

ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಸುಂಟರಗಾಳಿಯ ಎಚ್ಚರಿಕೆಯ ಸೈರನ್ ಕೂಗಿತು. ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದ ನಾನು ಎಲ್ಲವನ್ನೂ ಬಿಟ್ಟು ಒಳಗೆ ಓಡಿದೆ. ಅಕ್ಕ ಹುರುಳಿಕಾಯಿ ಹೆಚ್ಚುತ್ತಲೇ ಇದ್ದಳು. "ಶನಿವಾರವಲ್ಲವೇ, ಪರೀಕ್ಷೆಗೆ ಕೂಗಿಸುತ್ತಾರೆ. ಮೋಡ ಕವಿದ ದಿನ ಕೂಗಿಸುವುದಿಲ್ಲ, ಜನ ನಿಜವೆಂದುಕೊಂಡಾರು" ಎಂದಳು. ನನ್ನ ಎದೆಬಡಿತ ತಹಬಂದಿಗೆ ಬರಲು ಬಹಳ ಹೊತ್ತು ಹಿಡಿಯಿತು.

ಒಂಬತ್ತು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದು ನನಗೆ ಹವಾಮಾನವೆಂದರೆ ಬಸ್ ನಿಲ್ದಾಣದಲ್ಲಿ ಅಪರಿಚಿತರೊಡನೆ ಮಾತು ತೆಗೆಯುವ ನೆಪವಾಗಿಬಿಟ್ಟಿದೆ. ಅಲ್ಲಿ ಜಿಟಿಜಿಟಿ ಮಳೆ, ಬೂದು ಆಕಾಶ; ಅಟ್ಲಾಂಟಿಕ್ ಸಾಗರ ಆ ದ್ವೀಪವನ್ನು ಅತಿ ಚಳಿಗೂ ಅತಿ ಸೆಕೆಗೂ ಬಿಟ್ಟುಕೊಡದೆ ಕಾಯುತ್ತದೆ. ಈ ಬಯಲಿಗೆ ಅಂಥ ಕಾವಲಿಲ್ಲ. ಮೆಕ್ಸಿಕೋ ಕೊಲ್ಲಿಯ ತೇವ ತುಂಬಿದ ಬಿಸಿಗಾಳಿಯೂ ಪಶ್ಚಿಮದ ಎತ್ತರದ ನಾಡಿನ ಒಣಗಾಳಿಯೂ ವಸಂತದಲ್ಲಿ ಇಲ್ಲೇ ಬಂದು ಸಂಧಿಸುತ್ತವೆ. ಸುಂಟರಗಾಳಿಗೆ ಬೇಕಾದದ್ದೆಲ್ಲ ಇಲ್ಲಿ ಒದಗಿಬರುತ್ತದೆ.

ಬ್ರಿಟನ್‌ನಲ್ಲಿ 2015ರಿಂದ ಬಿರುಗಾಳಿಗಳಿಗೆ ಮನುಷ್ಯರ ಹೆಸರಿಡುತ್ತಿದ್ದಾರೆ. ಇಲ್ಲಿ ತಾರೀಖೇ ಹೆಸರು. "ಮೇ ಮೂರು" ಎಂದರೆ ಸಾಕು, 1999 ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. "ಮೇ ಇಪ್ಪತ್ತು" ಎನ್ನುವಾಗ ಅಕ್ಕನ ದನಿ ತಗ್ಗಿತು. 2013ರ ಆ ಮಧ್ಯಾಹ್ನ ಪಕ್ಕದ ಮೂರ್ ಪಟ್ಟಣದ ಮೇಲೆ ಹಾದ ಸುಂಟರಗಾಳಿಗೆ 24 ಜನ ಬಲಿಯಾದರು. ಅವರಲ್ಲಿ 7 ಮಕ್ಕಳು ಒಂದೇ ಪ್ರಾಥಮಿಕ ಶಾಲೆಯಲ್ಲಿದ್ದವರು. ಇವತ್ತು ಆ ಊರಿನಲ್ಲೇ ತರಕಾರಿ ಕೊಂಡು ಬಂದೆವು. ರಸ್ತೆಯ ಒಂದು ಕಡೆ ದೊಡ್ಡ ಮರಗಳು, ಇನ್ನೊಂದು ಕಡೆ ಎಲ್ಲವೂ ಎಳೆಯ ಗಿಡಗಳು. ಕಾರಣವನ್ನು ನಾನು ಕೇಳಲಿಲ್ಲ.

ಬೆಲೆಚೀಟಿಯಲ್ಲಿ ಒಂದು ಬೆಲೆ, ತೆರಿಗೆ ಸೇರಿ ಕೊಡುವುದು ಇನ್ನೊಂದು. ಲೋಟದ ತುಂಬ ಮಂಜುಗಡ್ಡೆ. ಫ್ಯಾರನ್‌ಹೀಟ್ ಇನ್ನೂ ತಲೆಗೆ ಹತ್ತಿಲ್ಲ. ಇವೆಲ್ಲ ನಾಲ್ಕು ದಿನದಲ್ಲಿ ರೂಢಿಯಾಗುತ್ತವೆ.

ರೂಢಿಯಾಗದಿರುವುದು ಗ್ಯಾರೇಜಿನ ನೆಲದಲ್ಲಿ ಹೂತಿರುವ ಉಕ್ಕಿನ ಪೆಟ್ಟಿಗೆ. ಕಾರು ನಿಲ್ಲುವ ಜಾಗದ ಕೆಳಗೆ, ಜಾರುವ ಮುಚ್ಚಳ, ಐದು ಮೆಟ್ಟಿಲು. ಒಳಗೆ ನೀರಿನ ಬಾಟಲಿ, ಟಾರ್ಚು, ಮಕ್ಕಳ ಸೈಕಲ್ ಹೆಲ್ಮೆಟ್ಟು, ಮನೆಮಂದಿಗೆಲ್ಲ ಒಂದೊಂದು ಜೊತೆ ಹಳೆಯ ಬೂಟು. ಬೂಟು ಏಕೆಂದೆ. "ಮೇಲೆ ಬಂದಾಗ ನೆಲದ ತುಂಬ ಮೊಳೆ, ಗಾಜು ಇರುತ್ತದಲ್ಲ" ಎಂದಳು ಅಕ್ಕ. ನನ್ನ ಅಳತೆಯದೊಂದು ಜೊತೆಯನ್ನೂ ತಂದಿಟ್ಟಿದ್ದಳು.

ರಾತ್ರಿ ಅಕ್ಕನ ಹತ್ತು ವರ್ಷದ ಮಗಳು ಕಾಗದದ ಮೇಲೆ ನಕ್ಷೆ ಬರೆದು ಪಾಠ ಮಾಡಿದಳು. ಟಿವಿಯಲ್ಲಿ ಊರಿಗಿಂತ ಮೊದಲು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಹೆಸರು ಹೇಳುತ್ತಾರಂತೆ, ಗಾಳಿ ಹೆಚ್ಚಾಗಿ ನೈಋತ್ಯದಿಂದ ಬರುತ್ತದಂತೆ. "ನಮ್ಮದು ಕ್ಲೀವ್‌ಲ್ಯಾಂಡ್. ಗ್ರೇಡಿ ಎಂದರೆ ಬೂಟು ಹಾಕಿಕೊಳ್ಳಿ, ಮೆಕ್ಲೇನ್ ಎಂದರೆ ಕೆಳಗಿಳಿಯಿರಿ. ಈಗ ನೀವು ಹೇಳಿ, ಚಿಕ್ಕಮ್ಮ."

ಮೂರು ಸಲ ಒಪ್ಪಿಸಿದ ಮೇಲೆ ಮಲಗಲು ಬಿಟ್ಟಳು.